ಖಾಲಾ ಬಲಗಡೆಯಿಂದ ಓದಿದ ಪುಸ್ತಕ

ಇಲ್ಲಿ ಬರೆಯುವುದರಲ್ಲಿ ಒಂದಿಷ್ಟು ತಪ್ಪಿರಬಹುದು. ಆ ವರ್ಷ ಮಳೆ ಜೋರಾಗಿತ್ತು ಎಂದು ನನ್ನ ನೆನಪು. ಆದರೆ ಆಗ ಇಟ್ಟುಕೊಂಡಿದ್ದ ನೋಟುಬುಕ್ಕಿನಲ್ಲಿ ‘ಇವತ್ತೂ ಮೋಡ ಬಂದು ಹಾಗೇ ಹೋಯಿತು’ ಎಂಬ ಸಾಲು ನಾಲ್ಕೈದು ಕಡೆ ಇದೆ. ಲಕ್ಷ್ಮೇಶ್ವರದ ಆ ಮನೆಯ ಬಾಗಿಲು ನನ್ನ ಕಣ್ಣಿಗೆ ಈಗಲೂ ಹಸಿರಾಗಿ ಕಾಣುತ್ತದೆ. ಅದು ಕಟ್ಟಿದಾಗಿನಿಂದ ನೀಲಿಯೇ ಎಂದು ನನ್ನ ದೊಡ್ಡಮ್ಮನ ಗಂಡ, ಖಾಲು, ಹೇಳುತ್ತಾರೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಸಾಕ್ಷಿ ಒಂದೇ ಇದ್ದರೆ ಪೂರ್ತಿ ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತ ಬಂದವಳು. ಈ ಬರಹದ ಬಹುಪಾಲಿಗೆ ಸಾಕ್ಷಿ ನಾನೊಬ್ಬಳೇ.

ಹೋದ ತಿಂಗಳು ಬೆಟಗೇರಿಯ ನಮ್ಮ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದೆ. ಮೇಲಿದ್ದ ಪುಸ್ತಕ ಬಿಚ್ಚಿದಾಗ ಒಣಗಿದ ಬೇವಿನ ಎಲೆಯ ಕಡ್ಡಿಯೊಂದು ಮಡಿಲಿಗೆ ಬಿತ್ತು. ಕಹಿಯ, ಸ್ವಲ್ಪ ಧೂಳಿನ, ಸ್ವಲ್ಪ ಹತ್ತಿಯ ವಾಸನೆ. ಖಾಲಾನ ಟ್ರಂಕಿನ ವಾಸನೆ ಅದು. ನಾನು ಅಟ್ಟದ ಕೆಲಸ ಅಲ್ಲಿಗೇ ಬಿಟ್ಟು ಕುಳಿತೆ.

ನಾಲ್ಕು ವರ್ಷದ ಹಿಂದೆ ಶಿರಹಟ್ಟಿಯ ಕಾಲೇಜೊಂದರಲ್ಲಿ ನನಗೆ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ದಿನವೂ ಗದಗಿನಿಂದ ಓಡಾಡುವುದಕ್ಕಿಂತ ಲಕ್ಷ್ಮೇಶ್ವರದಲ್ಲಿ ನನ್ನ ತಾಯಿಯ ಅಕ್ಕ ಜುಬೇದಾ ಖಾಲಾನ ಮನೆಯಲ್ಲಿ ಇದ್ದುಕೊಂಡು ಹೋಗುವುದು ಹಗುರವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಮನೆಯಲ್ಲಿ ಆಡುವುದು ಕನ್ನಡ. ಖಾಲಾ ಮಾತ್ರ ಏಳನೆಯ ತರಗತಿಯವರೆಗೆ ಉರ್ದು ಶಾಲೆಗೆ ಹೋದವಳು. ಓದುವುದೆಲ್ಲ ಉರ್ದು; ಕನ್ನಡದಲ್ಲಿ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. ಮನೆಯ ಮುಂಭಾಗದಲ್ಲಿ ಅವಳ ಗಂಡ, ನಮ್ಮ ಖಾಲುನ ಗಾದಿ ಅಂಗಡಿ. ಮಳೆಗಾಲದಲ್ಲಿ ಹತ್ತಿ ತೇವ ಹಿಡಿಯುವುದರಿಂದ ಯಾರೂ ಗಾದಿ ಮಾಡಿಸುವುದಿಲ್ಲ. ಆಷಾಢದ ಗಾಳಿಯಲ್ಲಂತೂ ಹತ್ತಿ ಬಿಚ್ಚಿದರೆ ಅರ್ಧ ಓಣಿಗೇ ಹಂಚಿದ ಹಾಗೆ. ಹಾಗಾಗಿ ನಾನು ಹೋದ ಜೂನಿನಲ್ಲಿ ಹಿಂಜುವ ಮಷೀನಿನ ಮೇಲೆ ತಾಡಪತ್ರಿ ಹೊದಿಸಿತ್ತು. ಖಾಲು ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನು ಮಾತನಾಡಿಸುತ್ತಿದ್ದರು. ಖಾಲಾ ಪಡಸಾಲೆಯಲ್ಲಿ ಊರವರ ಹಳೆಯ ಸೀರೆ, ಲುಂಗಿ ಕತ್ತರಿಸಿ ಕೌದಿ ಹೊಲಿಯುತ್ತಿದ್ದಳು.

ಬಟ್ಟೆಯ ಚೀಲದ ಜೊತೆ ನಾನೊಂದು ರಟ್ಟಿನ ಪೆಟ್ಟಿಗೆಯನ್ನೂ ಒಯ್ದಿದ್ದೆ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳಾಗಿದ್ದ ವಿದ್ಯಾ ಮೈಸೂರಿಗೆ ಹೋಗುವಾಗ ಬಿಟ್ಟುಕೊಟ್ಟ ಪುಸ್ತಕಗಳು ಅವು: ಮಾಂಗಾ ಎನ್ನುವ ಜಪಾನಿನ ಚಿತ್ರಕತೆಗಳು, ಉಳಿದವು ಬೇರೆ ಬೇರೆ ದೇಶಗಳ ಗ್ರಾಫಿಕ್ ಕಾದಂಬರಿಗಳು. ಎಲ್ಲ ಇಂಗ್ಲಿಷಿನಲ್ಲಿ, ಬಹಳಷ್ಟು ಕೈಬದಲಾಗಿ ಹರಿದವು. ಅವಳದು ಒಂದೇ ಕರಾರು. ಓದಿದ ಪ್ರತಿ ಪುಸ್ತಕಕ್ಕೂ ಒಂದು ಪುಟ ಅಭಿಪ್ರಾಯ ಬರೆದು ಕಳಿಸಬೇಕು, ಚೆನ್ನಾಗಿದೆ ಎಂದು ಸುಮ್ಮನೆ ಬರೆಯಬಾರದು.

ಮೊದಲು ಓದಿದ್ದು ಒಂದು ಮಾಂಗಾ. ಸಣ್ಣ ದ್ವೀಪವೊಂದರಲ್ಲಿ ದೋಣಿಯ ಟಿಕೇಟು ಕೊಡುವ ಹೆಂಗಸಿನ ಕತೆ. ಮುಂದೂ ಹಿಂದೂ ಹಾಳೆಗಳು ಕಿತ್ತುಹೋಗಿದ್ದವು. ಕತೆ ಅವಳು ಕಿಟಕಿ ಮುಚ್ಚುವುದರಿಂದ ಶುರುವಾಯಿತು. ಆಮೇಲೆ ಜನ ಬಂದರು, ಉತ್ತರ ಮೊದಲು ಬಂದು ಪ್ರಶ್ನೆ ನಂತರ ಬಂತು. ‘ಕಾಲದ ಸರಪಳಿಯನ್ನು ಮುರಿಯುವ ಧೈರ್ಯ ಈ ಲೇಖಕನಿಗಿದೆ’ ಎಂದು ವಿದ್ಯಾಳಿಗೆ ಬರೆದು ಕಳಿಸಿದೆ. ಅದು ನೋಟುಬುಕ್ಕಿನಲ್ಲಿ ಇವತ್ತೂ ಇದೆ. ಇದನ್ನು ಮಾತ್ರ ನೆನಪಿನ ತಪ್ಪು ಎನ್ನಲಾರೆ.

ಎರಡನೆಯ ಸಂಪುಟ ಹಿಡಿದು ಪಡಸಾಲೆಯಲ್ಲಿ ಮಲಗಿದ್ದಾಗ ಖಾಲಾ ಸೂಜಿ ನಿಲ್ಲಿಸಿ ನೋಡಿದಳು.

“ರುಕ್ಕು, ಪುಸ್ತಕ ತಿರವಿ ಹಿಡದೀ ನೋಡವಾ.”

ಇದು ಇಂಗ್ಲಿಷ್, ಎಡದಿಂದಲೇ ಓದಬೇಕು ಎಂದು ನಾನು ಸಾವಕಾಶವಾಗಿ ತಿಳಿಸಿ ಹೇಳಿದೆ. ಅವಳು ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು. ಬಲದಿಂದ ಬಿಚ್ಚಿ, ತೋಳು ಉದ್ದ ಮಾಡಿ ಹಿಡಿದು ನಾಲ್ಕು ಹಾಳೆ ತಿರುವಿದಳು. ಆ ಸಂಪುಟದಲ್ಲಿ ಪುಟದ ಅಂಕಿಗಳನ್ನು ಬಿಳಿ ಅಂಚಿನಲ್ಲಿ ದಪ್ಪಗೆ ಹಾಕಿದ್ದರು.

“ಇಲ್ಲಿ ನೋಡು. ಮೂರು, ನಾಕು, ಐದು. ನಮ್ಮ ಟೇಪಿನ್ಯಾಗಿನ ನಂಬರೇ ಅದಾವ. ಈ ಮಂದಿ ನಮ್ಮ ಉರ್ದು ಹಂಗ ಆ ಕಡಿಂದ ಬರೀತಾರ.”

ಇಂಗ್ಲಿಷ್ ಅಕ್ಷರ ಒಂದೂ ಬಾರದ ಅವಳಿಗೆ ಅಂಕಿಗಳು ಬರುತ್ತಿದ್ದವು. ಗಾದಿಯ ಅಳತೆ ಹಿಡಿದೂ ಹಿಡಿದೂ ಬಂದದ್ದು. ಕಟ್ಟೆಯ ಮೇಲಿಂದ ಖಾಲು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಬಾಯಾರು ಎನ್ನುತ್ತಾರೆ. “ಬಾಯಾರ, ನಿಮ್ಮ ಕಾಲೇಜಿನ್ಯಾಗ ಹುಡುಗೂರಿಗೆ ಯಾವ ಕಡಿಂದ ಪಾಠ ಮಾಡ್ತೀರಿ?” ಎಂದು ಕೇಳಿದರು. ಆಮೇಲೆ ಆ ವರ್ಷ ಪೂರ್ತಿ ಕೇಳುತ್ತಲೇ ಇದ್ದರು.

ಅಂದಿನಿಂದ ನಾವಿಬ್ಬರೂ ಸೇರಿ ಓದತೊಡಗಿದೆವು. ಕಾಲೇಜಿನಿಂದ ಬಂದು ಚಹಾ ಕುಡಿದು ನಾನು ಅವಳ ಬಲಕ್ಕೆ ಕುಳಿತುಕೊಳ್ಳುತ್ತಿದ್ದೆ. ಪಾತ್ರಗಳ ಬಾಯಿಯ ಹತ್ತಿರ ಬರೆದ ಗುಳ್ಳೆಯೊಳಗಿನ ಮಾತುಗಳನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ, ಚಿತ್ರ ನೋಡುವುದು ಅವಳದು. ಕೈ ಮಾತ್ರ ಕೌದಿಯ ಮೇಲೆ ಓಡುತ್ತಿತ್ತು. ಹತ್ತಿರದ್ದು ಅವಳಿಗೆ ಮಸುಕಾಗಿತ್ತು. ಬೆಳಗ್ಗೆ ನಾನು ಬಸ್ಸಿಗೆ ಹೊರಡುವ ಮುಂಚೆ ಆರು ಸೂಜಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿ ಹೋಗಬೇಕು. ಸಂಜೆಯ ಹೊತ್ತಿಗೆ ಆರೂ ಖಾಲಿಯಾಗಿರುತ್ತಿದ್ದವು. ಹೊಲಿಗೆಯನ್ನು ಅವಳು ಬೆರಳಿನಿಂದಲೇ ಓದಿ ಹಾಕುತ್ತಿದ್ದಳು.

ನೋಟುಬುಕ್ಕಿನ ಅಭಿಪ್ರಾಯಗಳು ಆ ಜುಲೈಯಿಂದ ಬದಲಾಗುತ್ತವೆ. ದೋಣಿ ಟಿಕೇಟಿನ ಕತೆಯನ್ನು ಸರಿಯಾದ ಕಡೆಯಿಂದ ಓದಿದಾಗ ಅದರಲ್ಲಿ ಏನೂ ನಡೆಯುವುದಿಲ್ಲ. ದೋಣಿ ಬರುತ್ತದೆ, ಹೋಗುತ್ತದೆ, ಹೆಂಗಸು ಬುತ್ತಿ ಬಿಚ್ಚುತ್ತಾಳೆ. ನನಗೆ ಬೇಸರ ಬಂತು. ಖಾಲಾಗೆ ಬರಲಿಲ್ಲ. ಕುಂತು ಕೆಲಸ ಮಾಡುವವರ ದಿನ ಹೀಗೇ ಹೋಗುತ್ತದೆ, ಇದು ಖರೆ ಇದೆ ಎಂದಳು. ನಾನು ಮತ್ತೊಮ್ಮೆ ಓದಿದೆ. ಎರಡು ದೋಣಿಗಳ ನಡುವೆ ಕಿಟಕಿಯ ನೆರಳು ಮೇಜಿನ ಮೇಲೆ ಒಂದು ಬೆರಳಷ್ಟು ಸರಿಯುವುದನ್ನು ಚಿತ್ರಕಾರ ಹನ್ನೆರಡು ಚೌಕಗಳಲ್ಲಿ ತೋರಿಸಿದ್ದ. ಮೊದಲ ಸಲ ಆ ಹನ್ನೆರಡನ್ನೂ ನಾನು ಒಂದೇ ನೋಟಕ್ಕೆ ದಾಟಿದ್ದೆ.

ಖಡ್ಗ ಹಿಡಿದು ಬಡಿದಾಡುವವರ ಉದ್ದನೆಯ ಮಾಲೆಯೊಂದು ಹನ್ನೊಂದು ಸಂಪುಟವಿತ್ತು. ನಾಲ್ಕಕ್ಕೆ ಬಿಟ್ಟೆವು. ಅದರಲ್ಲಿ ಹೊಡೆಯುವ ಮೊದಲು ಪ್ರತಿಯೊಬ್ಬನೂ ತನ್ನ ಏಟಿನ ಹೆಸರು ಹೇಳಿ, ಗುರುವಿನ ಹೆಸರು ಹೇಳಿ, ಒಂದು ಪುಟ ಭಾಷಣ ಮಾಡುತ್ತಾನೆ. “ಇಷ್ಟು ಮಾತಾಡೂತನಕಾ ಎದುರಿನಾಂವ ಮನಿಗಿ ಹೋಗಿ ಉಂಡು ಬರತಿದ್ದ” ಎಂದಳು ಖಾಲಾ. ನಗರವೊಂದರ ನೆರೆಯ ಬಗೆಗಿನ ಗ್ರಾಫಿಕ್ ಕಾದಂಬರಿ ನನಗೆ ಬಹಳ ಹಿಡಿಸಿತ್ತು, ಮಸಿಯ ಕೆಲಸ ಅಷ್ಟು ದಟ್ಟ. ಅದರ ಪುಟಗಳನ್ನು ಎಡದಿಂದ ತಿರುವುತ್ತ ಓದಿ ಹೇಳಿದವಳು ನಾನೇ. ಚಿತ್ರದಲ್ಲಿ ಮಳೆ ಸುರಿಯುತ್ತಿರುವಾಗ ಮೇಲೊಂದು ಡಬ್ಬಿಯಲ್ಲಿ ‘ಮಳೆ ಸುರಿಯುತ್ತಿತ್ತು’ ಎಂದು ಯಾಕೆ ಬರೆದಿದ್ದಾರೆ, ನಮ್ಮ ಕಣ್ಣಿನ ಮೇಲೆ ಅವರಿಗೆ ಅಷ್ಟು ಗುಮಾನಿಯೇ ಎಂದು ಅವಳು ಕೇಳಿದಳು. ಹೌದಲ್ಲ ಅನ್ನಿಸಿತು. ಈಗಲೂ ಇಂಥ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ: ಚಿತ್ರ ಒಮ್ಮೆ ಹೇಳಿದ್ದನ್ನು ಮಾತು ಮತ್ತೆ ಹೇಳುತ್ತದೆಯೋ ಹೇಗೆ.

ಗಡಿಯಾರ ರಿಪೇರಿ ಮಾಡುವ ಕಿವುಡ ಮುದುಕನ ಮಾಂಗಾದಲ್ಲಂತೂ ಅವಳು ನನಗಿಂತ ಮುಂದಿದ್ದಳು. ಮಾಂಗಾಗಳಲ್ಲಿ ಸಪ್ಪಳವನ್ನೂ ಬರೆಯುತ್ತಾರೆ, ದೊಡ್ಡ ಜಪಾನಿ ಅಕ್ಷರಗಳಲ್ಲಿ, ಚಿತ್ರದ ಮೇಲೆಯೇ. ಕೆಲವು ಪುಟಗಳಲ್ಲಿ ಅವು ಇರಲಿಲ್ಲ. ಮುದ್ರಣದ ದೋಷವೆಂದು ನಾನು ತಿಳಿದಿದ್ದೆ. ಖಾಲಾ ಎರಡು ಪುಟ ಹಿಂದೆ ಹೋಗಿ, ಮುಂದೆ ಬಂದು, ಸಪ್ಪಳ ಇಲ್ಲದ ಚಿತ್ರಗಳೆಲ್ಲ ಆ ಮುದುಕ ನೋಡುತ್ತಿರುವವು ಎಂದು ತೋರಿಸಿದಳು. ಉಳಿದವರು ನೋಡುವಾಗ ಗಡಿಯಾರ ಸಪ್ಪಳ ಮಾಡುತ್ತದೆ. ಇಷ್ಟು ಸೂಕ್ಷ್ಮ ಕಂಡವಳು ಅವಳು ಎಂಬುದನ್ನು ನಾನು ಮುಂದಿನದನ್ನು ಬರೆಯುವಾಗ ಮರೆಯಬಾರದು.

ಆ ಮನೆಯಲ್ಲಿ ಒಂದು ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ನಸೀಮಾ, ಖಾಲಾನ ಒಬ್ಬಳೇ ಮಗಳು, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ನಾನು ಅಲ್ಲಿಗೆ ಹೋಗುವ ಮೂರು ವರ್ಷ ಮೊದಲು ಅವಳ ಮಂಗನಿಯ, ಮದುವೆ ನಿಶ್ಚಯದ ದಿನ ಗಂಡಿನ ಕಡೆಯವರು ಬಂದು ಕುಳಿತಿದ್ದರು. ಸಕ್ಕರೆಯ ತಾಟು ಮುಂದಿತ್ತು. ಅವಳೇ ಪಡಸಾಲೆಗೆ ಬಂದು, ನನಗೆ ಈ ಮದುವೆ ಬೇಡ, ನಿಮ್ಮಲ್ಲಿ ಐಬು ಏನೂ ಇಲ್ಲ, ನನಗೇ ಬೇಡ ಎಂದು ಬಂದವರಿಗೆ ನೇರ ಹೇಳಿದಳು. ಅವರು ಎದ್ದುಹೋದರು. ಖಾಲಾ ಓಣಿಯ ಜನರೆದುರಿಗೇ, ತಾನು ಇರುವತನಕ ಈ ಹೊಸ್ತಿಲು ತುಳಿಯಬೇಡ ಎಂದಳು. ನಸೀಮಾ ಹುಬ್ಬಳ್ಳಿಗೆ ಹೋದಳು, ಕಣ್ಣು ತಪಾಸಣೆಯ ಕೋರ್ಸು ಮಾಡಿದಳು, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು.

ಖಾಲು ತಿಂಗಳಿಗೊಮ್ಮೆ ಗಾದಿಯ ಬಟ್ಟೆ ತರುವ ನೆಪದಲ್ಲಿ ಹುಬ್ಬಳ್ಳಿಗೆ ಹೋಗುತ್ತಿದ್ದರು. ಗಾದಿಯೇ ಹೊಲಿಯದ ಮಳೆಗಾಲದಲ್ಲೂ ಹೋಗುತ್ತಿದ್ದರು. ಬಂದ ದಿನ ಖಾಲಾ ಬಿಸಿ ರೊಟ್ಟಿ ಹಾಕಿ, ಅವರು ಉಂಡು ಮುಗಿಸುವತನಕ ಎದುರಿಗೇ ಕುಳಿತಿರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಅವರು ಬಟ್ಟೆಯ ದರ, ಬಸ್ಸಿನ ಗದ್ದಲ ಎಲ್ಲ ಹೇಳಿ, ನಡುವೆ ಎಲ್ಲೋ ಒಂದು ಕಡೆ, ಅಂಗಡಿಯಲ್ಲಿ ಎಲ್ಲರೂ ಆರಾಮ ಇದ್ದಾರೆ ಎಂಬ ಮಾತು ಸೇರಿಸುತ್ತಿದ್ದರು. ಯಾವ ಅಂಗಡಿ ಎಂದು ಇಬ್ಬರೂ ಹೇಳುತ್ತಿರಲಿಲ್ಲ. ಆ ಮಾತು ಬಂದ ಮೇಲೆ ಖಾಲಾ ಇನ್ನೊಂದು ರೊಟ್ಟಿ ತರಲು ಏಳುತ್ತಿದ್ದಳು.

ಆಗಸ್ಟಿನಲ್ಲಿ, ಹೆಸರುಕಾಯಿ ಬಿಡಿಸುವ ದಿನಗಳಲ್ಲಿ, ಖಾಲು ಬೇರೆ ಮಾತು ತಂದರು. ಒಂದು ಶುಕ್ರವಾರ ಬಂದು ಒಂದು ಹೊತ್ತು ಉಂಡು ಹೋಗುತ್ತೇನೆ, ಬಾ ಅನ್ನುವ ಮಾತು ಅಮ್ಮಾನ ಬಾಯಿಂದಲೇ ಬರಬೇಕು ಎಂದು ನಸೀಮಾ ಹೇಳಿ ಕಳಿಸಿದ್ದಳು. ನಾವು ಮೂವರೂ ಹೆಸರಿನ ಕಾಯಿ ಸುಲಿಯುತ್ತ ಕುಳಿತಿದ್ದೆವು. ಖಾಲಾ ಮೊರ ಕೆಡವಿದಳು, ಮತ್ತೆ ತುಂಬಿಕೊಂಡಳು. ಒಂದು ವಾರ ಹೋಯಿತು, ಎರಡು ಹೋದವು. ನಾನೊಮ್ಮೆ ಓದಿದವಳ ಧಾಟಿಯಲ್ಲಿ ಹೆಣ್ಣುಮಕ್ಕಳ ಒಪ್ಪಿಗೆಯ ಬಗ್ಗೆ ಮಾತು ತೆಗೆದೆ. ಅವಳು ಎದ್ದು ಹಿತ್ತಲಿಗೆ ಹೋದಳು. ಖಾಲು ಕಟ್ಟೆಯ ಮೇಲಿಂದ ನನ್ನನ್ನು ನೋಡಿ ತಲೆಯಾಡಿಸಿದರು. ಹುಬ್ಬಳ್ಳಿಯಲ್ಲಿ ಒಬ್ಬಳು ವಾರವಾರವೂ ಕಾಯುತ್ತಿದ್ದಾಳೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಶುಕ್ರವಾರ ಬಂದರೆ ಮನೆಯಲ್ಲಿ ಪಾತ್ರೆಯ ಸದ್ದೂ ಹೆಚ್ಚಾಗಿ ಕೇಳುತ್ತಿತ್ತು.

ಅದೇ ದಿನಗಳಲ್ಲಿ ನಾನು ಶಿರಹಟ್ಟಿಯ ಬಸ್ಸಿನಲ್ಲಿ ಹೋಗಿಬರುತ್ತ ಮಾತೇ ಇಲ್ಲದ ಒಂದು ಗ್ರಾಫಿಕ್ ಕಾದಂಬರಿ ಓದಿದೆ. ಯುರೋಪಿನ ಕಡೆಯದು, ನೀಲಿ ಮತ್ತು ಬೂದು ಬಣ್ಣ, ಒಂದು ಅಕ್ಷರವಿಲ್ಲ. ಗುಡ್ಡದ ಮೇಲೊಂದು ಮನೆ. ತಾಯಿ ಮಗಳು ಕುಳಿತು ಉಣ್ಣುತ್ತಿದ್ದಾರೆ. ಏನೋ ಮಾತು ಬೆಳೆಯುತ್ತದೆ, ತಾಯಿ ತಾಟು ಎಸೆಯುತ್ತಾಳೆ, ಅದು ಒಡೆಯುತ್ತದೆ. ಮಗಳು ಪೆಟ್ಟಿಗೆ ಹಿಡಿದು ಹಿಮದಲ್ಲಿ ನಡೆಯುತ್ತಾಳೆ, ರೈಲು ಹತ್ತುತ್ತಾಳೆ. ಕೊನೆಯ ಪುಟದಲ್ಲಿ ಮಹಾನಗರದ ನೂರಾರು ಕತ್ತಲೆ ಕಿಟಕಿಗಳ ನಡುವೆ ಒಂದು ಕಿಟಕಿಯಲ್ಲಿ ದೀಪ, ಅದರ ಹಿಂದೆ ಅವಳು. ‘ಈ ಪೆಟ್ಟಿಗೆಯಲ್ಲೇ ಎಲ್ಲಕ್ಕಿಂತ ಒಳ್ಳೆಯ ಪುಸ್ತಕ, ಎಲ್ಲಕ್ಕಿಂತ ನಿಷ್ಕರುಣಿಯೂ ಹೌದು. ಎಲ್ಲಿಯೂ ಹಿಂದಿರುಗಿ ನೋಡುವುದಿಲ್ಲ’ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಖಾಲಾಗೆ ತೋರಿಸಲಿಲ್ಲ. ತೋರಿಸಬಾರದೆಂದು ಯೋಚಿಸಿಯೇ ಪೆಟ್ಟಿಗೆಯಲ್ಲಿ ಕೆಳಗಿಟ್ಟೆನೋ, ಇಟ್ಟಮೇಲೆ ಆ ಕಾರಣ ಹುಡುಕಿಕೊಂಡೆನೋ, ಈಗ ಹೇಳಲಾರೆ.

ಸೆಪ್ಟೆಂಬರಿನ ಒಂದು ಸೋಮವಾರ ಕಾಲೇಜಿನಿಂದ ಬಂದಾಗ ಅವಳು ಬಾಗಿಲಲ್ಲೇ ಕುಳಿತಿದ್ದಳು. ಆ ಪುಸ್ತಕ ತೊಡೆಯ ಮೇಲಿತ್ತು. ಇದರಲ್ಲಿ ಮಾತಿಲ್ಲ, ನಿನ್ನ ಗರಜು ಬೀಳಲಿಲ್ಲ, ಒಬ್ಬಳೇ ಓದಿ ಮುಗಿಸಿದೆ ಎಂದಳು. ದನಿಯಲ್ಲಿ ಹೆಮ್ಮೆಯಿತ್ತು. ಕೇಳು ಕತೆ ಎಂದು ನಾನು ಚೀಲ ಇಳಿಸುವುದಕ್ಕೂ ಬಿಡದೆ ಹೇಳತೊಡಗಿದಳು.

“ಒಬ್ಬಾಕಿ ಹುಡುಗಿ ದೊಡ್ಡ ಊರಾಗ ಒಬ್ಬಾಕಿನ ಅದಾಳ. ಎಲ್ಲಾ ಕಿಟಕಿ ಕತ್ತಲಿ, ಆಕೀದೊಂದ ಬೆಳಕ. ಮನಿ ನೆನಪಾಗತೈತಿ. ಟ್ರೇನಿಗಿ ಬರತಾಳ, ಬರ್ಫದಾಗ ನಡಕೊಂತ ಬರತಾಳ. ಅವ್ವ ನೋಡಿ ಸಿಟ್ಟಾಗಿ ತಾಟ ಒಗೀತಾಳ. ಒಗೀಲಿ, ಅವ್ವ ಅಲ್ಲೇನು. ಆಮ್ಯಾಲ ಇಬ್ಬರೂ ಕೂಡಿ ಕುಂತು ಉಣತಾರ.”

ತಪ್ಪು ನನ್ನದು. ಜಪಾನಿನ ಪುಸ್ತಕಗಳು ಮಾತ್ರ ಬಲದಿಂದ, ಉಳಿದವು ಎಡದಿಂದ ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ನೆರೆಯ ಪುಸ್ತಕ ನಾನೇ ತಿರುವಿದ್ದರಿಂದ ಆ ಮಾತು ಬಂದೂ ಇರಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದೆಲ್ಲ ಉರ್ದುವಿನ ಹಾಗೆ ಎಂದು ಅವಳು ತಿಳಿದಿದ್ದಳು. ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

“ಖಾಲಾ, ಬರ್ಫದಾಗ ನಡೆಯೂವಾಗ ಆಕಿ ಮಾರಿ ಯಾ ಕಡೆ ಐತಿ?”

“ಮನಿಗಿ ಬೆನ್ನ ಮಾಡಿ ನಡೀತಾಳ. ನೋಡೀನಿ.” ಅವಳು ಪುಸ್ತಕ ಮುಚ್ಚಿದಳು. “ನಾಚಿಗಿ ಆದಾವ್ರು ಹಂಗ ಬರತಾರ.”

ಆ ಗಳಿಗೆಯಲ್ಲಿ ಅವಳ ಮುಖ ಹೇಗಿತ್ತು ಎಂದು ಎಷ್ಟು ಸಲ ಜ್ಞಾಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅಷ್ಟು ಸಲ ಮುಟ್ಟಿದ ನೆನಪು ಸವೆದಿರುತ್ತದೆ. ಒಮ್ಮೆ ಅದು ಮಗುವಿನ ಮುಖದಷ್ಟು ತಿಳಿಯಾಗಿ ಕಾಣುತ್ತದೆ, ಒಮ್ಮೆ ನನ್ನನ್ನು ತೂಗಿ ನೋಡುತ್ತಿದ್ದ ಹಾಗೆ. ನೋಟುಬುಕ್ಕಿನಲ್ಲಿ ಆ ದಿನ ಇರುವುದು ಎರಡೇ ಪದ: ‘ಹೇಳಲಿಲ್ಲ ನಾನು.’

ಅಂದೇ ಸಂಜೆ ಖಾಲು ಮಗ್ರಿಬ್‌ ನಮಾಜಿಗೆ ಕೈಕಾಲು ತೊಳೆಯುತ್ತಿದ್ದಾಗ ಖಾಲಾ ಒಳಗಿನಿಂದಲೇ, “ಏನ್ರಿ, ಶುಕ್ರವಾರ ಬಾ ಅಂತ ಹೇಳ್ರಿ ಆಕಿಗಿ” ಎಂದಳು. ಖಾಲು ತಂಬಿಗೆ ಹಿಡಿದು ಹಾಗೇ ನಿಂತರು. ನೀರು ಕಾಲಿನ ಮೇಲೆ ಸುರಿಯುತ್ತಲೇ ಇತ್ತು. ಏನು ಅಂದೆ ಎಂದು ತಿರುಗಿ ಕೇಳಿದರೆ ಮಾತು ಬದಲಾದೀತೆಂಬ ಹೆದರಿಕೆ ಇರಬೇಕು, ಕೇಳಲಿಲ್ಲ. ಫೋನು ತೆಗೆದುಕೊಂಡು, ಟೊಪ್ಪಿಗೆ ಮರೆತು, ಓಣಿಯ ಆಚೆ ತುದಿಗೆ ಹೋಗಿ ಮಾತನಾಡಿದರು.

ಆ ನಾಲ್ಕು ದಿನ ನನಗೆ ಸುಖವಿರಲಿಲ್ಲ. ಮೂರು ವರ್ಷ ಬಾರದ ಒಂದು ಮಾತು ಹೊರಬಿದ್ದದ್ದು ತಲೆಕೆಳಗಾಗಿ ಓದಿದ ಒಂದು ಕತೆಯ ಮೇಲೆ ನಿಂತಿತ್ತು. ಅದನ್ನು ತಿದ್ದಿದರೆ ಮಾತೂ ಬಿದ್ದುಹೋದೀತು. ತಿದ್ದದಿದ್ದರೆ, ಅಷ್ಟು ಹೆಮ್ಮೆಯಿಂದ ಒಬ್ಬಳೇ ಓದಿದವಳಿಗೆ ನಾನು ಮೋಸ ಮಾಡಿದ ಹಾಗೆ. ಬುಧವಾರ ಅವಳು ಆ ಪುಸ್ತಕ ಮತ್ತೊಮ್ಮೆ ಕೊಡು ಎಂದು ಕೇಳಿದಳು. ಕಾಲೇಜಿನಲ್ಲಿ ಒಬ್ಬರು ಓದಲು ಒಯ್ದಿದ್ದಾರೆ ಎಂದು ಸುಳ್ಳು ಹೇಳಿದೆ. ಪುಸ್ತಕ ನನ್ನ ಹಾಸಿಗೆಯ ಕೆಳಗಿತ್ತು.

ಗುರುವಾರ ಅವಳು ಟ್ರಂಕು ತೆಗೆದು ಅರ್ಧ ಹೊಲಿದ ಕೌದಿಯೊಂದನ್ನು ಹೊರಗೆಳೆದಳು. ಬೇವಿನ ಎಲೆಗಳು ಉದುರಿದವು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಮನೆಯವರ ಹಳೆಯ ಬಟ್ಟೆಗಳಿಂದ ಒಂದು ಕೌದಿ ಹೊಲಿದು ಕೊಡುವ ರೂಢಿಯಿದೆ. ಇದು ನಸೀಮಾಳದು, ಮಂಗನಿಯ ದಿನದಿಂದ ಟ್ರಂಕಿನಲ್ಲೇ ಇತ್ತು. ಅದರಲ್ಲಿ ನನ್ನ ತಾಯಿಯ ಹಳದಿ ಸೀರೆಯ ತುಂಡೂ ಇತ್ತು, ಖಾಲುನ ಲುಂಗಿ ಇತ್ತು, ನಸೀಮಾಳ ಶಾಲೆಯ ನೀಲಿ ಲಂಗವಿತ್ತು. ಅಂದು ಆರು ಸೂಜಿ ಸಾಲಲಿಲ್ಲ, ಹತ್ತಕ್ಕೆ ದಾರ ಹಾಕಿಕೊಟ್ಟೆ.

ಶುಕ್ರವಾರ ನಸೀಮಾ ಮಳೆಯಲ್ಲಿ ತೊಯ್ದು ಬಂದಳು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನೋಟುಬುಕ್ಕು ‘ಸುಡು ಬಿಸಿಲು’ ಎನ್ನುತ್ತದೆ. ತೊಯ್ದದ್ದು ಬೆವರಿನಿಂದ ಇರಬೇಕು. ಹುಬ್ಬಳ್ಳಿ ಬಸ್ಸಿನಿಂದ ಇಳಿದು ಬಂದು ಹೊಸ್ತಿಲಿನ ಆಚೆ ನಿಂತಳು. ಒಳಗೆ ಬರಲಿಲ್ಲ. ಖಾಲು ಅಂಗಡಿಯ ಬಾಗಿಲಿನಲ್ಲಿ, ನಾನು ಪಡಸಾಲೆಯಲ್ಲಿ. ಬಾ ಎಂದು ನಾವು ಅನ್ನುವ ಹಾಗಿರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಖಾಲಾ ಹಿಟ್ಟಿನ ಕೈಯಲ್ಲೇ ಬಂದು ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

“ಕೈಕಾಲ ತೊಳಕೊ. ರೊಟ್ಟಿ ಆರತಾವ.”

ಅಷ್ಟೇ. ನಸೀಮಾ ಹೊಸ್ತಿಲು ದಾಟಿದಳು.

ಊಟದ ಹೊತ್ತಿಗೆ ಖಾಲು ನಮಾಜಿನಿಂದ ಬಂದು ಕುಳಿತು, ಹೆಸರಿನ ಪಲ್ಯ ಎರಡು ಸಲ ಹಾಕಿಸಿಕೊಂಡು, ಈ ಸಲದ ಹೆಸರು ಎಷ್ಟು ರುಚಿ ಎಂದು ಮೂರು ಸಲ ಹೇಳಿದರು. ಉಂಡಮೇಲೆ ಖಾಲಾ ಕೌದಿ ಮುಂದೆ ಹಾಕಿಕೊಂಡು, ಕಣ್ಣು ಎತ್ತದೆ ಸೂಜಿ ನನ್ನ ಕಡೆ ಚಾಚಿದಳು. ನಸೀಮಾ ಅದನ್ನು ನಡುವೆಯೇ ತೆಗೆದುಕೊಂಡು ದಾರ ಹಾಕಿದಳು. ಆಮೇಲೆ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದು ತಾಯಿಯ ಮುಂದಿಟ್ಟಳು. ಕನ್ನಡಕ. ತಂದೆ ಹೇಳಿದ್ದನ್ನು ಕೇಳಿ ಅಂದಾಜಿನ ಮೇಲೆ ನಂಬರು ಹಾಕಿಸಿ ತಂದಿದ್ದಳು.

“ನನ್ನ ಮುದುಕಿ ಮಾಡಾಕ ಬಂದೀಯೇನು?” ಎಂದಳು ಖಾಲಾ.

“ಆಗಿಬಿಟ್ಟೀದಿ, ನಾ ಏನ ಮಾಡೋದೈತಿ ಅದರಾಗ.”

ಖಾಲು ನಕ್ಕುಬಿಟ್ಟರು, ಆಮೇಲೆ ನಗಬಾರದಿತ್ತೇನೋ ಎಂದು ಕೆಮ್ಮಿದರು. ಖಾಲಾ ಕನ್ನಡಕ ಹಾಕಿಕೊಂಡು ಮೊದಲು ತನ್ನ ಬೆರಳುಗಳನ್ನು ನೋಡಿದಳು, ಆಮೇಲೆ ಹೊಲಿಗೆಯನ್ನು, ಕಡೆಗೆ ಮಗಳ ಮುಖವನ್ನು. ಸೊರಗಿದ್ದೀ ಎಂದಳು.

ಕೌದಿಯ ಒಂದು ಮಗ್ಗಲು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಇಡುತ್ತಾರೆ. ಹೊಟ್ಟೆ ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂದು ನಮ್ಮ ಹಿರಿಯರ ಮಾತು. ಇಡುವವಳು ಯಾವಾಗಲೂ ಹೊಲಿದವಳೇ. ಅಂದು ಖಾಲಾ ತಾಟಿನಲ್ಲಿ ಉಳಿದ ರೊಟ್ಟಿಯಿಂದ ಒಂದು ಚೂರು ಮುರಿದು ನಸೀಮಾಳ ಕೈಗೆ ಕೊಟ್ಟಳು. ನಸೀಮಾ ಮೊಳಕೈವರೆಗೆ ಕೈ ಹಾಕಿ ನಡುವೆ ಇಟ್ಟು ಬಂದಳು. ನಾಲ್ಕು ಗಂಟೆಯ ಬಸ್ಸಿಗೆ ಅವಳು ಹೋದಮೇಲೆ ಖಾಲಾ ಸಂಜೆಯತನಕ ಆ ಕೊನೆಯ ಮಗ್ಗಲು ಹೊಲಿದಳು. ಸೂಜಿಗೆ ತಾನೇ ದಾರ ಹಾಕಿಕೊಂಡಳು.

ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ನಸೀಮಾ ಈಗ ಎರಡೂ ಈದಿಗೆ ಬರುತ್ತಾಳೆ, ಒಮ್ಮೊಮ್ಮೆ ಬೇರೆ ಶುಕ್ರವಾರಗಳಲ್ಲೂ. ಮದುವೆಯ ಮಾತು ಬಂದರೆ ತಾಯಿ ಮಗಳು ಇಬ್ಬರೂ ದನಿ ಏರಿಸುತ್ತಾರೆ. ಆದರೆ ಒಂದೇ ಮನೆಯೊಳಗೆ ಕುಳಿತು ಏರಿಸುತ್ತಾರೆ.

ಅಕ್ಟೋಬರಿನಲ್ಲಿ, ಗಾದಿಯ ಮಷೀನಿನ ಮೇಲಿಂದ ತಾಡಪತ್ರಿ ತೆಗೆದ ವಾರ, ನಾನು ಕಾಲೇಜಿನಿಂದ ಬಂದಾಗ ಖಾಲಾ ಕನ್ನಡಕ ಹಾಕಿಕೊಂಡು ಆ ಪುಸ್ತಕ ನೋಡುತ್ತಿದ್ದಳು. ಹಾಸಿಗೆ ಬಿಸಿಲಿಗೆ ಹಾಕುವಾಗ ಸಿಕ್ಕಿರಬೇಕು. ನನ್ನ ಸುಳ್ಳೂ ಅದರ ಜೊತೆ ಸಿಕ್ಕಿತ್ತು. ಅವಳು ಒಂದು ಬೇವಿನ ಕಡ್ಡಿ ಒಳಗಿಟ್ಟು ಮುಚ್ಚಿ, ಇದನ್ನು ಬೆಟಗೇರಿಗೆ ಒಯ್ಯಿ, ಇಲ್ಲಿ ಹುಳ ಬೀಳುತ್ತವೆ ಎಂದು ಕೊಟ್ಟಳು.

ಹೋದ ತಿಂಗಳು ಅಟ್ಟದ ಕೆಳಗೆ ಕುಳಿತು ಆ ಪುಸ್ತಕವನ್ನು ಹಾಳೆ ಹಾಳೆಯಾಗಿ ನೋಡಿದೆ. ಪ್ರತಿ ಪುಟದ ಕೆಳಗೆ ಅಂಕಿಯಿದೆ. ಸಾಸಿವೆಯಷ್ಟು ಸಣ್ಣದು, ಎಡದಿಂದ ಒಂದು, ಎರಡು, ಮೂರು. ನನಗೆ ಪುಸ್ತಕ ತಿರುವಿ ಹಿಡಿಯಲು ಕಲಿಸಿದವಳು ಮೊದಲು ನೋಡಿದ್ದು ಪುಟದ ಅಂಕಿಯನ್ನೇ. ಆದರೆ ಸೂಜಿಯ ಕಣ್ಣು ಕಾಣದವಳಿಗೆ ಇಷ್ಟು ಸಣ್ಣ ಅಂಕಿ ಕಂಡಿರಲಾರದು. ಕಾಣದಿದ್ದರೂ, ಸಪ್ಪಳವಿಲ್ಲದ ಚಿತ್ರ ಯಾರ ಕಣ್ಣಿನದು ಎಂದು ಹಿಡಿದವಳು ಬೆನ್ನು ಮಾಡಿ ನಡೆಯುವ ಹುಡುಗಿಯನ್ನು ತಪ್ಪಾಗಿ ಓದಿದಳೇ? ಒಂದೊಂದು ಸಲ ಒಂದೊಂದು ನಿಜವೆನಿಸುತ್ತದೆ. ‘ಎಲ್ಲಿಯೂ ಹಿಂದಿರುಗಿ ನೋಡುವುದಿಲ್ಲ’ ಎಂಬ ನನ್ನ ಅಭಿಪ್ರಾಯವನ್ನು ವಿದ್ಯಾಳಿಗೆ ಇನ್ನೂ ಕಳಿಸಿಲ್ಲ. ಆ ಪುಸ್ತಕದ ಬಗ್ಗೆ ನನಗೀಗ ಯಾವ ಅಭಿಪ್ರಾಯವಿದೆ ಎಂದು ಗೊತ್ತಿಲ್ಲ.

ಕಳೆದ ಭಾನುವಾರ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಖಾಲಾ ಯಾರದೋ ಮೊಮ್ಮಗನಿಗೆ ಸಣ್ಣ ಕೌದಿ ಹೊಲಿಯುತ್ತಿದ್ದಳು. ಚಹಾ ಆದಮೇಲೆ ಕೇಳಿಯೇಬಿಟ್ಟೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಒರೆಸಿದಳು. ಬರುವಾಗ ಹರ್ತಿಯ ಕಡೆ ಮಳೆ ಕಂಡಿತೇನು ಎಂದು ವಿಚಾರಿಸಿದಳು. ಬಸ್ಸಿಗೆ ಬಿಡಲು ಬಂದಾಗಲೂ ಆ ಮಾತೆತ್ತಲಿಲ್ಲ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತನಾಡಿದ್ದೇವೆ, ಎರಡೂ ಸಲ ಫೋನು ಖಾಲುನ ಕೈಗೆ ಕೊಟ್ಟು ಎದ್ದುಹೋದಳು. ನಾನು ಕೇಳಿದ್ದು ಇಷ್ಟೇ:

“ಖಾಲಾ, ನಸೀಮಾಗ ಬಾ ಅಂತ ಹೇಳಿ ಕಳಿಸಿದ್ಯಲ್ಲ ಆವತ್ತ, ಆ ಪುಸ್ತಕದಾಗಿನ ಹುಡುಗಿ ಮನಿ ಬಿಟ್ಟು ಹೊಂಟಾಳ ಅಂತ ನಿನಗ ಗೊತ್ತಿತ್ತೇನು?”